ಏಕಾದಶಿ ದಿನ ಅಮ್ಮನಿಗೆ ನಡುಕ, ಬೆವರು: ಉಪವಾಸದಿಂದಲೋ ಮಾತ್ರೆಯಿಂದಲೋ?

ನೀರ್ಚಾಲು ಮಗಳು · ಮಂಗಳವಾರ, ಬೆಳಗ್ಗೆ 9:10
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ಅಮ್ಮನಿಗೆ 63 ವರ್ಷ. ಶುಗರ್ ಇದೆ, ಬಿಪಿ ಇದೆ. ಸೋಮವಾರ ಒಪ್ಪತ್ತು ಮಾಡುತ್ತಾರೆ, ಏಕಾದಶಿಗೆ ಇಡೀ ದಿನ ಉಪವಾಸ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಂದೂ ಬಿಟ್ಟಿಲ್ಲ. ಮೊನ್ನೆ ಏಕಾದಶಿಯ ದಿನ ಹತ್ತೂವರೆ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವರು ಹಾಗೆಯೇ ಕೂತುಬಿಟ್ಟರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ನಾನು ಹೆದರಿ ಬೆಲ್ಲ ಕರಗಿಸಿ ನೀರು ಕುಡಿಸಿದೆ. ಕಾಲು ಗಂಟೆಯಲ್ಲಿ ಸರಿಯಾದರು. ಆಮೇಲೆ ನನಗೇ ಬೈದರು, ವ್ರತ ಕೆಡಿಸಿದೆ ಅಂತ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಉಪವಾಸ ದೇಹಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ನಿಲ್ಲಿಸಿ ಅಂದರೆ ಅಮ್ಮ ಕೇಳುವುದಿಲ್ಲ. ನನಗೂ ಹಾಗೆ ಹೇಳಲು ಮನಸ್ಸಿಲ್ಲ. ಅವರಿಗೆ ಆ ದಿನ ಅಂದರೆ ಅಷ್ಟು ಇಷ್ಟ.

ಕುಂಬಳೆಯವ · 9:24
ಬಿಸಿಲಿಗೆ ಆಗಿರಬಹುದು. ಈಗಿನ ಸೆಕೆಗೆ ಉಂಡವರಿಗೇ ತಲೆ ತಿರುಗುತ್ತದೆ.

ಉಪ್ಪಳದ ಔಷಧಿ ಅಂಗಡಿ · 9:31
ಅಕ್ಕಾ, ಬಿಸಿಲು ಅಂತ ಬಿಟ್ಟುಬಿಡಬೇಡಿ. ಬೆವರು, ನಡುಕ, ತೊದಲು ಮಾತು, ಸಿಹಿ ಕೊಟ್ಟ ಕೂಡಲೇ ಸರಿಯಾಗುವುದು. ಇದು ಶುಗರ್ ಲೋ ಆದ ಹಾಗೆಯೇ ಕಾಣುತ್ತದೆ. ನೀವು ಮಾಡಿದ್ದು ಸರಿ. ಬೇಗ ಮಾಡಿದ್ದು ಇನ್ನೂ ಸರಿ. ಒಂದು ಹೇಳಿ, ಅಮ್ಮ ತಿನ್ನುವ ಮಾತ್ರೆಗಳು ಯಾವುವು? ಉಪವಾಸದ ದಿನ ಅವನ್ನು ಎಷ್ಟು ಗಂಟೆಗೆ ತಿನ್ನುತ್ತಾರೆ?

ನೀರ್ಚಾಲು ಮಗಳು · 9:50
ಡಬ್ಬ ತೆಗೆದು ನೋಡಿದೆ. ಒಂದರಲ್ಲಿ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಸೇರಿದೆ. ಇನ್ನೊಂದು ಬಿಪಿಯದ್ದು, ಆಮ್ಲೋಡಿಪಿನ್. ಎರಡನ್ನೂ ಬೆಳಗ್ಗೆ ಏಳಕ್ಕೆ ತಿನ್ನುತ್ತಾರೆ, ದಿನಾ. ಉಪವಾಸದ ದಿನವೂ. "ಮಾತ್ರೆ ಊಟ ಅಲ್ಲವಲ್ಲ, ಅದರಿಂದ ವ್ರತಕ್ಕೆ ದೋಷ ಇಲ್ಲ" ಅನ್ನುತ್ತಾರೆ.

ಉಪ್ಪಳದ ಔಷಧಿ ಅಂಗಡಿ · 10:05
ಅಲ್ಲೇ ಇದೆ ಅಕ್ಕಾ ವಿಷಯ.

ಗ್ಲಿಮೆಪಿರೈಡ್ ಮಾಡುವ ಕೆಲಸ ಒಂದೇ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ಬರುವಂತೆ ಮಾಡುವುದು. ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ಅಂತ ಅದು ನೋಡುವುದಿಲ್ಲ. ತಿಂಡಿ ತಿಂದಿದ್ದರೆ ಆ ಇನ್ಸುಲಿನ್ ತಿಂಡಿಯ ಸಕ್ಕರೆಯನ್ನು ಇಳಿಸುತ್ತದೆ. ತಿನ್ನದಿದ್ದರೆ ಇರುವ ಸಕ್ಕರೆಯನ್ನೇ ಇಳಿಸುತ್ತದೆ. ಆದ್ದರಿಂದಲೇ ಅದನ್ನು ದಿನದ ಮೊದಲ ದೊಡ್ಡ ಊಟದ ಜೊತೆ ತಿನ್ನಲು ಹೇಳುವುದು. ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಕೂಡ ಅದೇ ಜಾತಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದೇ ತಿನ್ನುವವರಿಗೆ ಲೋ ಆಗುವುದು ಅಪರೂಪ.

ಹಾಗಂತ ನಾಳೆಯಿಂದ ನೀವೇ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಹೋಗಿ "ಏಕಾದಶಿ ದಿನ ಏನು ಮಾಡಲಿ, ಸೋಮವಾರ ಏನು ಮಾಡಲಿ" ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ನನ್ನ ಅಂಗಡಿಗೆ ಬರುವವರಲ್ಲಿ ಉಪವಾಸದ ವಿಷಯ ಡಾಕ್ಟರಿಗೆ ಹೇಳಿದವರು ತುಂಬ ಕಡಿಮೆ.

ಪೆರ್ಲದ ಮಾಷ್ · 10:40
ನಾನು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವನು, ಈಗ ನಿವೃತ್ತ. ಉಪವಾಸದಲ್ಲಿ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಅಮ್ಮನಿಗೆ ವಿವರಿಸಲು ಸುಲಭ ಆದೀತು.

ನಮ್ಮ ಇಡೀ ರಕ್ತದಲ್ಲಿ ಒಂದು ಹೊತ್ತಿನಲ್ಲಿ ಇರುವ ಸಕ್ಕರೆ ಸುಮಾರು ಒಂದು ಚಮಚ, ಅಷ್ಟೇ. ಮೆದುಳಿಗೆ ಒಂದೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಹಾಗಾದರೆ ಉಳಿದದ್ದು ಎಲ್ಲಿಂದ? ಪಿತ್ತಜನಕಾಂಗದಿಂದ. ಅದು ನಮ್ಮ ಮನೆಯ ಅಟ್ಟ ಇದ್ದ ಹಾಗೆ. ಸುಮಾರು 100 ಗ್ರಾಂ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಅಲ್ಲಿ ಕೂಡಿಟ್ಟಿರುತ್ತದೆ. ಉಣ್ಣದೆ ಇದ್ದಾಗ ಸ್ವಲ್ಪ ಸ್ವಲ್ಪವೇ ಇಳಿಸಿ ಕೊಡುತ್ತದೆ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯಲ್ಲಿ ಅಟ್ಟ ಹೆಚ್ಚುಕಡಿಮೆ ಖಾಲಿ. ಅಷ್ಟರಲ್ಲಿ ದೇಹ ಕೊಬ್ಬನ್ನು ಜಾಸ್ತಿ ಕರಗಿಸಲು ಶುರುಮಾಡಿರುತ್ತದೆ, ಅದರಿಂದ ಕೀಟೋನ್ ಬರುತ್ತದೆ, ಮೆದುಳು ಅದನ್ನೂ ಬಳಸಿಕೊಳ್ಳುತ್ತದೆ. ಉಪವಾಸದವರ ಬಾಯಿಯಲ್ಲಿ ಒಂದು ಥರದ ವಾಸನೆ ಬರುತ್ತದಲ್ಲ, ಅದರಲ್ಲಿ ಅಸಿಟೋನ್ ಎಂಬ ಕೀಟೋನಿನ ಪಾಲೂ ಇದೆ.

ಗಟ್ಟಿಮುಟ್ಟಾದವರಿಗೆ ಒಂದು ದಿನದ ಉಪವಾಸ ಈ ಏರ್ಪಾಡಿನಲ್ಲೇ ಸಲೀಸಾಗಿ ಕಳೆಯುತ್ತದೆ. ಆದರೆ ಇನ್ಸುಲಿನ್ ಜಾಸ್ತಿ ಇದ್ದರೆ ಅಟ್ಟಕ್ಕೆ ಬೀಗ ಹಾಕಿದ ಹಾಗೆ. ಸಾಮಾನು ಇದ್ದರೂ ಕೆಳಗೆ ಬರುವುದಿಲ್ಲ. ನಿಮ್ಮ ಅಮ್ಮನಿಗೆ ಆದದ್ದು ಇದೇ. ಮೊದಲು ಮಾತ್ರೆ ಇರಲಿಲ್ಲ, ಬೀಗವೂ ಇರಲಿಲ್ಲ.

ನೀರ್ಚಾಲು ಮಗಳು · 11:02
ಮಾಷೇ, ಅಟ್ಟದ ಮಾತು ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಮಾತ್ರೆ ಶುರುವಾಗಿ ಎರಡು ವರ್ಷ. ಅದರ ಹಿಂದೆ ಏನೂ ಆಗಿರಲಿಲ್ಲ ಎಂಬುದು ಈಗ ಹೊಂದಿಕೆಯಾಗುತ್ತದೆ.

72 ಗಂಟೆ · 11:15
ಔಷಧಿ ತಿಂದೇ ಎಲ್ಲ ಹಾಳಾಗಿರುವುದು. ಉಪವಾಸವೇ ಶುಗರಿಗೆ ಮದ್ದು. ನಾನು ತಿಂಗಳಿಗೊಮ್ಮೆ 72 ಗಂಟೆ ಬರೀ ನೀರು. ಆಟೋಫೇಜಿ ಅಂತ ಇದೆ, ನೊಬೆಲ್ ಬಂದಿದೆ ಅದಕ್ಕೆ. ಹಳೆ ಕೋಶಗಳನ್ನು ದೇಹವೇ ತಿಂದು ಸ್ವಚ್ಛ ಮಾಡುತ್ತದೆ. ಅಮ್ಮನಿಗೆ ಮಾತ್ರೆ ಬಿಡಿಸಿ ಮೂರು ದಿನ ಉಪವಾಸ ಮಾಡಿಸಿ ನೋಡಿ.

ಮುಳ್ಳೇರಿಯದ ನರ್ಸ್ · 11:21
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. 63 ವರ್ಷದವರಿಗೆ, ನೀವು ನೋಡಿಯೂ ಇಲ್ಲದವರಿಗೆ, ಮಾತ್ರೆ ಬಿಡಿಸಿ ಮೂರು ದಿನ ಅಂತ ಹೇಳುವುದು ತಪ್ಪು ತಮ್ಮಾ.

ಪೆರ್ಲದ ಮಾಷ್ · 11:48
ಆಟೋಫೇಜಿ ನಿಜ. 2016ರಲ್ಲಿ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ ನೊಬೆಲ್ ಬಂದದ್ದೂ ನಿಜ. ಆದರೆ ಅವರು ಮುಖ್ಯವಾಗಿ ಕೆಲಸ ಮಾಡಿದ್ದು ಯೀಸ್ಟ್ ಮೇಲೆ. ಕೋಶ ತನ್ನ ಒಳಗಿನ ಹಳೆ ಸಾಮಾನನ್ನು ಹೇಗೆ ಮುರಿದು ಮತ್ತೆ ಬಳಸುತ್ತದೆ, ಅದಕ್ಕೆ ಯಾವ ಜೀನ್ ಬೇಕು ಅಂತ ಕಂಡುಹಿಡಿದರು. ಮನುಷ್ಯ ಇಷ್ಟು ಗಂಟೆ ಹಸಿದಿದ್ದರೆ ಇಷ್ಟು ರೋಗ ಹೋಗುತ್ತದೆ ಅಂತ ಆ ನೊಬೆಲ್ ಹೇಳಲಿಲ್ಲ. ಅದನ್ನು ಸೇರಿಸಿದವರು ವಿಡಿಯೋ ಮಾಡುವವರು.

72 ಗಂಟೆ · 12:03
ಮಾಷೇ, ಸ್ಕಾಟ್ಲೆಂಡಿನಲ್ಲಿ ಒಬ್ಬ 382 ದಿನ ಉಪವಾಸ ಮಾಡಿದ್ದಾನೆ. ಆಂಗಸ್ ಬಾರ್ಬಿಯೇರಿ. ಅದೂ ಸುಳ್ಳಾ?

ಮುಳ್ಳೇರಿಯದ ನರ್ಸ್ · 12:20
ಸುಳ್ಳಲ್ಲ. ಪೂರ್ತಿ ಹೇಳಿ ಅಷ್ಟೆ. 1965-66ರಲ್ಲಿ ನಡೆದದ್ದು. ಅವರ ತೂಕ ಶುರುವಿನಲ್ಲಿ 207 ಕಿಲೋ, ಕೊನೆಗೆ 82. ಡಾಕ್ಟರುಗಳು ರಕ್ತ, ಮೂತ್ರ ಪರೀಕ್ಷೆ ಮಾಡುತ್ತಲೇ ಇದ್ದರು. ವಿಟಮಿನ್, ಯೀಸ್ಟ್, ಪೊಟ್ಯಾಸಿಯಂ ಕೊಟ್ಟರು. ಮೈಯಲ್ಲಿ ನೂರು ಕಿಲೋಗಿಂತ ಜಾಸ್ತಿ ಕೊಬ್ಬು ಇದ್ದವರ ಲೆಕ್ಕ ತಂದು ಅಡಿಕೆ ಹರಡುವ ಅಮ್ಮನಿಗೆ ಹಾಕುವುದು ಹೇಗೆ?

ಇನ್ನೊಂದು ಮುಖ್ಯ. ಐದಾರು ದಿನ ಏನೂ ತಿನ್ನದವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ರಕ್ತದಲ್ಲಿ ಫಾಸ್ಫೇಟ್ ದಬಕ್ಕನೆ ಇಳಿಯುತ್ತದೆ. ಹೃದಯದ ಬಡಿತವೇ ತಪ್ಪಬಹುದು. ಎರಡನೇ ಮಹಾಯುದ್ಧ ಮುಗಿದಾಗ ಶಿಬಿರಗಳಿಂದ ಬಿಡುಗಡೆಯಾದ ಹಸಿದ ಜನ ಉಂಡ ಮೇಲೆ ಸತ್ತದ್ದು ಇದೇ ಕಾರಣಕ್ಕೆ. ಉದ್ದದ ಉಪವಾಸದಲ್ಲಿ ಬಿಡುವ ಹೊತ್ತೇ ಕಷ್ಟದ್ದು.

ಜತ್ತದ ಜೋಳದ ಹೊಲ · 12:34
ನಮ್ಮ ಕಡೆ ಜೈನರ ಮನೆಗಳಲ್ಲಿ ಹಲವು ದಿನ ಉಪವಾಸ ಮಾಡಿದವರಿಗೆ ಪಾರಣೆಗೆ ಮೊದಲು ಹೆಸರುಬೇಳೆಯ ತಿಳಿನೀರು ಕೊಡುತ್ತಾರೆ. ಆಮೇಲೆ ನಿಧಾನಕ್ಕೆ ಗಟ್ಟಿ ಊಟ. ಹಳಬರಿಗೆ ಫಾಸ್ಫೇಟ್ ಗೊತ್ತಿರಲಿಲ್ಲ, ಕ್ರಮ ಗೊತ್ತಿತ್ತು.

ಕುಂಬಳೆಯವ · 12:41
ನಮ್ಮಲ್ಲಿ ದ್ವಾದಶಿ ಬೆಳಗ್ಗೆ ಪಾರಣೆ ಅಂದರೆ ಪಾಯಸದ ತನಕ ಎಲ್ಲ ಇರುತ್ತದೆ.

ಜತ್ತದ ಜೋಳದ ಹೊಲ · 12:45
ಒಂದೇ ದಿನದ ಉಪವಾಸಕ್ಕೆ ಅಡ್ಡಿಯಿಲ್ಲ ಬಿಡಿ. ಶುಗರ್ ಇದ್ದವರು ಮಾತ್ರ ನೋಡಿಕೊಳ್ಳಬೇಕು.

ಅಕ್ಕಲಕೋಟೆ ವೈನಿ · ಮಧ್ಯಾಹ್ನ 1:10
ನಾನು ಕೇಳಬೇಕು ಅಂತಿದ್ದದ್ದು ಬೇರೆ. ನನಗೆ ಶುಗರ್ ಇಲ್ಲ, ಬಿಪಿ ಇಲ್ಲ. ಗುರುವಾರ ಉಪವಾಸ. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ತಲೆನೋವು, ಹಣೆ ಒಡೆಯುವಷ್ಟು. ಸಾಬುದಾಣಿ (ಸಬ್ಬಕ್ಕಿ) ಖಿಚಡಿ ತಿಂದರೂ ಹೋಗುವುದಿಲ್ಲ. ಯಾಕೆ?

ಉಪ್ಪಳದ ಔಷಧಿ ಅಂಗಡಿ · 1:22
ಚಹಾ ಕುಡಿಯುತ್ತೀರಾ ಆ ದಿನ?

ಅಕ್ಕಲಕೋಟೆ ವೈನಿ · 1:25
ಇಲ್ಲ. ಬಾಕಿ ದಿನ ನಾಲ್ಕು ಸಲ ಆಗುತ್ತದೆ.

ಉಪ್ಪಳದ ಔಷಧಿ ಅಂಗಡಿ · 1:37
ಹಾಗಾದರೆ ಹಸಿವಿಗಿಂತ ಚಹಾದ ಮೇಲೆಯೇ ನನಗೆ ಅನುಮಾನ. ಕೆಫೀನ್ ರೂಢಿ ಇದ್ದವರಿಗೆ ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಯ ಒಳಗೆ ತಲೆನೋವು ಶುರುವಾಗುತ್ತದೆ. ಬುಧವಾರ ರಾತ್ರಿಯ ಚಹಾದಿಂದ ಲೆಕ್ಕ ಹಾಕಿ. ನನಗೂ ನೋಂಬಿನ (ರಂಜಾನ್ ಉಪವಾಸದ) ಮೊದಲ ಮೂರು ದಿನ ಇದೇ ಆಗುತ್ತಿತ್ತು. ಈಗ ನೋಂಬು ಶುರುವಾಗುವ ಎರಡು ವಾರ ಮುಂಚೆಯೇ ಒಂದೊಂದು ಲೋಟ ಕಡಿಮೆ ಮಾಡುತ್ತಾ ಬರುತ್ತೇನೆ. ನೀವು ನೀರು ಕುಡಿಯುವವರಾದರೆ ನೀರೂ ಸರಿಯಾಗಿ ಕುಡಿಯಿರಿ, ಅದು ಎರಡನೇ ಕಾರಣ. ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ಮಾತ್ರ ನುಂಗಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯ ಒಳಪದರವನ್ನೇ ಕೆರಳಿಸುತ್ತವೆ.

ರಾಯದುರ್ಗದ ರೈತ · 2:05
ಸಾಬುದಾಣಿ ತಿಂದರೆ ಅದು ಉಪವಾಸವಾ? ನಾನು ಕೇಳಿಯೇ ಬಿಡುತ್ತೇನೆ.

ಅಕ್ಕಲಕೋಟೆ ವೈನಿ · 2:09
ಹೌದು, ನಮ್ಮಲ್ಲಿ ಅದೇ ಉಪವಾಸ. ನಿಮ್ಮಲ್ಲಿ ಅಲ್ಲದಿದ್ದರೆ ನೀವು ತಿನ್ನಬೇಡಿ.

ಜತ್ತದ ಜೋಳದ ಹೊಲ · 2:14
ವೈನಿ ಬೇಜಾರಾಗಬೇಡಿ. ಮರಾಠಿಯಲ್ಲೇ ಗಾದೆ ಇದೆಯಲ್ಲ, "ಏಕಾದಶೀ, ದುಪ್ಪಟ್ ಖಾಶೀ" ಅಂತ. ಏಕಾದಶಿಗೆ ಎರಡು ಪಾಲು ತಿನ್ನುವುದು. ಆಷಾಢ ಏಕಾದಶಿಗೆ ನಮ್ಮ ಮನೆಯಲ್ಲಿ ಖಿಚಡಿ, ವಡೆ, ವರಿ ಎಂಬ ಕಿರುಧಾನ್ಯದ ಅನ್ನ, ಶೇಂಗಾ ಸಾರು, ಬಟಾಟೆ ಎಲ್ಲ ಆಗುತ್ತದೆ. ರಾತ್ರಿ ಹೊಟ್ಟೆ ಉಬ್ಬರ, ಹುಳಿತೇಗು.

ಪೆರ್ಲದ ಮಾಷ್ · 2:40
ಸಾಬುದಾಣಿ ಅಂದರೆ ಮರಗೆಣಸಿನ ಪಿಷ್ಟ. ನಮ್ಮ ಕಡೆ ಬೇಯಿಸಿ ತಿನ್ನುವ ಅದೇ ಮರಗೆಣಸು. ಹೆಚ್ಚಿನ ಪಾಲು ತಮಿಳುನಾಡಿನ ಸೇಲಂ ಕಡೆ ಕಾಳಾಗಿ ತಯಾರಾಗುತ್ತದೆ. ನೂರು ಗ್ರಾಂ ಒಣ ಸಾಬುದಾಣಿಯಲ್ಲಿ ಸುಮಾರು 350 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಂ ಕೂಡ ಇಲ್ಲ. ಬೇಗ ಜೀರ್ಣ ಆಗಿ ಸಕ್ಕರೆ ಏರಿಸುತ್ತದೆ. ವೈನಿ ಶೇಂಗಾ ಪುಡಿ ಹಾಕುತ್ತಾರಲ್ಲ, ಅದು ಒಳ್ಳೆಯದು. ಏರುವ ವೇಗ ಸ್ವಲ್ಪ ತಗ್ಗುತ್ತದೆ. ಶುಗರ್ ಇದ್ದವರು ಮಾತ್ರ ಉಪವಾಸದ ತಿಂಡಿ ಅಂತ ಬಟ್ಟಲು ತುಂಬ ತಿನ್ನಬಾರದು.

ರಾಯದುರ್ಗದ ರೈತ · 2:52
ಶೇಂಗಾ ಒಳ್ಳೆಯದು ಅಂದಿರಲ್ಲ, ನಮ್ಮ ಊರಿನ ಬೆಳೆ. ವೈನಿ, ನಾನು ಕೇಳಿದ್ದು ಒರಟಾಯಿತು. ಕ್ಷಮಿಸಿ.

ಅಕ್ಕಲಕೋಟೆ ವೈನಿ · 2:58
ಇರಲಿ ಅಣ್ಣಾ. ವರಿ ಬಗ್ಗೆ ಒಂದು ಮಾತು ನಾನೂ ಹೇಳುತ್ತೇನೆ. ವರಿ ಹಿಟ್ಟು ಬಹಳ ದಿನ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಅದರ ರೊಟ್ಟಿ ತಿಂದು ವಾಂತಿ, ತಲೆಸುತ್ತು ಆಗಿ ಜನ ಆಸ್ಪತ್ರೆ ಸೇರಿದ್ದನ್ನು ಹಬ್ಬದ ದಿನಗಳಲ್ಲಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಇಡೀ ಕಾಳು ತಂದು ತೊಳೆದು ಒಣಗಿಸಿ ಬೇಕಾದಷ್ಟೇ ಬೀಸಿಕೊಳ್ಳಿ. ತಲೆನೋವು ಬಂದರೆ ಅದನ್ನೂ ಒಮ್ಮೆ ಯೋಚಿಸಿ.

ಅಡೂರು ಅಡಿಕೆ · 3:20
ನನಗೆ ತೂಕ ಇಳಿಸಬೇಕು. ಒಂದು ದಿನ ಉಪವಾಸ ಮಾಡಿದರೆ ಒಂದೂವರೆ ಕಿಲೋ ಇಳಿಯುತ್ತದೆ, ಮರುದಿನ ವಾಪಸ್. ಯಾಕೆ?

ಪೆರ್ಲದ ಮಾಷ್ · 3:33
ಇಳಿದದ್ದರಲ್ಲಿ ಜಾಸ್ತಿ ನೀರು. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಗ್ಲೈಕೋಜನ್ ಖರ್ಚಾದಾಗ ಆ ನೀರೂ ಹೋಗುತ್ತದೆ. ಉಂಡ ಕೂಡಲೇ ಎರಡೂ ತುಂಬುತ್ತವೆ. ಕೊಬ್ಬು ಒಂದು ದಿನಕ್ಕೆ ಇಳಿಯುವುದು ಗ್ರಾಂ ಲೆಕ್ಕದಲ್ಲಿ.

ದಿನಕ್ಕೆ ಎಂಟು ಗಂಟೆಯ ಒಳಗೆ ಉಂಡು ಮುಗಿಸುವ ಕ್ರಮವನ್ನು ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನೋಡಿದರು, ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕ್ಯಾಲೊರಿ ಕಡಿಮೆ ಮಾಡಿಸಿದರು, ಅರ್ಧ ಜನರಿಗೆ ಹೊತ್ತಿನ ಕಟ್ಟೂ ಹಾಕಿದರು. ಎರಡೂ ಗುಂಪಿನಲ್ಲಿ ತೂಕ ಇಳಿಯಿತು, ನಡುವೆ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಕಡಿಮೆ ತಿಂದದ್ದರಿಂದ ಇಳಿದದ್ದು. ನಿಮಗೆ ಹೊತ್ತು ಹಿಡಿದು ಉಣ್ಣುವುದು ಸುಲಭ ಅನಿಸಿದರೆ ಹಾಗೆ ಮಾಡಿ, ತಪ್ಪೇನಿಲ್ಲ.

72 ಗಂಟೆ · 3:50
ನನಗೆ ಕೆಲಸ ಮಾಡಿದೆ ಮಾಷೇ. 94 ಇದ್ದವನು 81ಕ್ಕೆ ಬಂದೆ. ಅದನ್ನು ಯಾರೂ ಸುಳ್ಳು ಅನ್ನಲಾಗುವುದಿಲ್ಲ. ಹಸಿವು ಅಲೆಯ ಹಾಗೆ ಬಂದು ಹೋಗುತ್ತದೆ ಅಂತ ಗೊತ್ತಾದದ್ದೂ ಉಪವಾಸದಿಂದಲೇ.

ಪೆರ್ಲದ ಮಾಷ್ · 4:02
ಸುಳ್ಳು ಅನ್ನುವುದಿಲ್ಲ, ಸಂತೋಷ. ಅಲೆಯ ಮಾತು ಬಹಳ ಸರಿ. ಗ್ರೆಲಿನ್ ಅನ್ನುವ ಹಾರ್ಮೋನು ನಾವು ದಿನಾ ಉಣ್ಣುವ ಹೊತ್ತಿಗೆ ಏರುತ್ತದೆ, ಉಣ್ಣದಿದ್ದರೂ ಆಮೇಲೆ ಇಳಿಯುತ್ತದೆ. ನನ್ನ ತಕರಾರು ಒಂದೇ, ನಿಮಗೆ ಒಗ್ಗಿದ್ದು ಎಲ್ಲರಿಗೂ ಮದ್ದು ಅನ್ನುವುದಕ್ಕೆ.

ಮುಳ್ಳೇರಿಯದ ನರ್ಸ್ · 4:30
ಕೆಲವರು ಡಾಕ್ಟರನ್ನು ಕೇಳದೆ ಉಪವಾಸಕ್ಕೆ ಇಳಿಯಲೇಬಾರದು. ಬಸುರಿಯರು, ಹಾಲೂಡಿಸುವವರು. ಬಸುರಿಯರಲ್ಲಿ ಕೀಟೋನ್ ಬೇರೆಯವರಿಗಿಂತ ಬೇಗ ಏರುತ್ತದೆ. ಇನ್ಸುಲಿನ್ ಹಾಕಿಕೊಳ್ಳುವವರು, ಕಿಡ್ನಿ ಕಾಯಿಲೆಯವರು, ಫಿಟ್ಸ್ ಮಾತ್ರೆ ಅಥವಾ ಸ್ಟಿರಾಯ್ಡ್ ತಿನ್ನುವವರು ಕೂಡ. ಇವೆರಡರ ಡೋಸ್ ತಪ್ಪಿಸಲೇಬಾರದು. ಗೌಟ್ (ಒಂದು ಬಗೆಯ ಕೀಲುನೋವು) ಇದ್ದವರಿಗೆ ಉಪವಾಸದಲ್ಲಿ ಯೂರಿಕ್ ಆಸಿಡ್ ಏರಿ ಹೆಬ್ಬೆರಳು ಊದಿಕೊಳ್ಳಬಹುದು.

ಅಕ್ಕಾ, ನಿಮ್ಮ ಅಮ್ಮನ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಒಂದು ಗ್ಲುಕೋಮೀಟರ್ (ರಕ್ತದ ಸಕ್ಕರೆ ನೋಡುವ ಯಂತ್ರ) ಇಟ್ಟುಕೊಳ್ಳಿ. 70ಕ್ಕಿಂತ ಕೆಳಗೆ ಬಂದರೆ ಉಪವಾಸ ಅಲ್ಲಿಗೇ ನಿಲ್ಲಿಸಬೇಕು, ದೇವರು ಬೈಯುವುದಿಲ್ಲ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಕೊಡಿ. ಸರಿಯಾದ ಮೇಲೆ ಏನಾದರೂ ತಿನ್ನಿಸಿ. ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಸೀದಾ ಆಸ್ಪತ್ರೆಗೆ. 300ಕ್ಕಿಂತ ಮೇಲೆ ಹೋದರೂ ಉಪವಾಸ ನಿಲ್ಲಿಸಿ.

ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬಿಪಿ ಮಾತ್ರೆ ತಿನ್ನುವವರಿಗೆ ಲೋ ಆದಾಗ ನಡುಕ, ಎದೆಬಡಿತ ಅಷ್ಟಾಗಿ ಗೊತ್ತಾಗುವುದಿಲ್ಲ. ಬೆವರು ಮಾತ್ರ ಬರುತ್ತದೆ. ಅಮ್ಮನದ್ದು ಆಮ್ಲೋಡಿಪಿನ್ ಆದ್ದರಿಂದ ಆ ತೊಂದರೆ ಇಲ್ಲ.

ನೀರ್ಚಾಲು ಮಗಳು · ಸಂಜೆ 5:15
ಎಲ್ಲರಿಗೂ ತುಂಬ ತುಂಬ ಉಪಕಾರ. ಈಗ ಅಮ್ಮನ ಹತ್ತಿರ ಕೂತು ಕೇಳಿದೆ, ಮಾತ್ರೆ ಊಟದ ಜೊತೆ ಅಂತ ಯಾರೂ ಹೇಳಲಿಲ್ಲವಾ ಅಂತ. ಅವರು ಮಾತ್ರೆಯ ಕವರ್ ತಂದು ತೋರಿಸಿದರು. ಬರೆದಿದ್ದಾರೆ, ಸರಿಯಾಗಿಯೇ ಬರೆದಿದ್ದಾರೆ. ಆದರೆ ಮಲಯಾಳದಲ್ಲಿ, ನಮ್ಮ ಊರು ಕೇರಳದಲ್ಲಿ ಅಲ್ವಾ. ಅಮ್ಮ ಓದಿದ್ದು ಏಳನೇ ಕ್ಲಾಸಿನ ತನಕ, ಕನ್ನಡದಲ್ಲಿ. ಮಾತಾಡಲು ಮಲಯಾಳ ಬರುತ್ತದೆ, ಓದಲು ಬರುವುದಿಲ್ಲ. ಎರಡು ವರ್ಷ ಆ ಕವರ್ ನಮ್ಮ ಮನೆಯಲ್ಲೇ ಇತ್ತು. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಓದಲಿಲ್ಲ. ನನಗೆ ತುಂಬ ಸಂಕಟ ಆಗುತ್ತಿದೆ.

ತಾಳವಾಡಿ ಬೆಟ್ಟ · 5:28
ಅಕ್ಕಾ, ನಮ್ಮಲ್ಲೂ ಇದೇ. ಇಲ್ಲಿ ತಮಿಳಿನಲ್ಲಿ ಬರೆದು ಕೊಡುತ್ತಾರೆ. ನನ್ನ ಅಜ್ಜಿಗೆ ಮನೆ ತುಂಬ ಮಾತು ಕನ್ನಡ. ಬೆಳಗಿನ ಮಾತ್ರೆ ರಾತ್ರಿಗೆ, ರಾತ್ರಿಯದ್ದು ಬೆಳಗ್ಗೆ, ಹೀಗೆ ಆರು ತಿಂಗಳು ತಿಂದಿದ್ದರು.

ಅಕ್ಕಲಕೋಟೆ ವೈನಿ · 5:36
ನಮ್ಮ ಅತ್ತೆಗೆ ಮರಾಠಿ ಅಕ್ಷರ ಗೊತ್ತಿಲ್ಲ. ಮಾತ್ರೆಯ ಬಣ್ಣ ನೋಡಿ ತಿನ್ನುತ್ತಾರೆ. ಕಂಪನಿ ಬದಲಾಗಿ ಬಣ್ಣ ಬದಲಾದರೆ ಮುಗಿಯಿತು.

ಕುಂಬಳೆಯವ · 5:44
ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದಲ್ಲೂ ಬರೆದುಕೊಡಿ ಅಂತ ಕೇಳುವುದು ಭಾಷೆಯ ಜಗಳ ಅಂದುಕೊಳ್ಳುತ್ತಾರೆ. ಜೀವದ ಪ್ರಶ್ನೆ ಇದು. ಬೆಳಗ್ಗೆ ಬಿಸಿಲು ಅಂತ ಬರೆದವನು ನಾನೇ. ನನ್ನ ಮಾತು ಕೇಳಿ ಬಿಟ್ಟಿದ್ದರೆ ಏನಾಗುತ್ತಿತ್ತು.

ಉಪ್ಪಳದ ಔಷಧಿ ಅಂಗಡಿ · 5:59
ನನ್ನ ಅಂಗಡಿಗೆ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಬರುತ್ತದೆ. ನಾನು ಬರೆಯುವುದನ್ನು ಬಿಟ್ಟು ಚಿತ್ರ ಹಾಕಲು ಶುರುಮಾಡಿ ಎಂಟು ವರ್ಷ ಆಯಿತು. ಕವರಿನ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ. ಪಕ್ಕದಲ್ಲಿ ಬಟ್ಟಲು. ಖಾಲಿ ಬಟ್ಟಲು ಅಂದರೆ ಊಟಕ್ಕೆ ಮೊದಲು, ತುಂಬಿದ ಬಟ್ಟಲು ಅಂದರೆ ಊಟದ ನಂತರ. ನೋಂಬಿನ ತಿಂಗಳಲ್ಲಿ ಅತ್ತಾಳಕ್ಕೆ (ನಸುಕಿನ ಊಟ) ಒಂದು, ನೋಂಬು ತುರಕ್ಕೆ (ಸಂಜೆ ಉಪವಾಸ ಬಿಡುವ ಹೊತ್ತು) ಒಂದು ಅಂತ ಡಾಕ್ಟರ್ ಹೇಳಿದ ಹಾಗೆ ಬೇರೆ ಕವರ್ ಮಾಡಿಕೊಡುತ್ತೇನೆ. ಅಮ್ಮನಿಗೂ ಏಕಾದಶಿಗೆ ಒಂದು ಬೇರೆ ಕವರ್ ಇರಲಿ. ಸಂಕಟ ಪಡಬೇಡಿ ಅಕ್ಕಾ. ಆ ದಿನ ನೀವು ಮನೆಯಲ್ಲಿದ್ದಿರಿ, ಬೆಲ್ಲದ ನೀರು ಕೊಟ್ಟಿರಿ.

72 ಗಂಟೆ · 6:20
ಅಕ್ಕಾ, ಬೆಳಗ್ಗೆ ಮಾತ್ರೆ ಬಿಡಿಸಿ ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅಮ್ಮ ಹುಷಾರಾಗಿರಲಿ.

ನೀರ್ಚಾಲು ಮಗಳು · ಮೂರು ವಾರದ ನಂತರ, ಶುಕ್ರವಾರ
ಏನಾಯಿತು ಅಂತ ಹೇಳಲು ಬಂದೆ. ಡಾಕ್ಟರ ಹತ್ತಿರ ಹೋದೆವು. ಬೆವರು, ನಡುಕ ಎಲ್ಲ ಹೇಳಿದೆ. ಲೋ ಆದದ್ದೇ ಅಂದರು. ಏಕಾದಶಿ ದಿನದ ಮಾತ್ರೆಯ ಲೆಕ್ಕ ಬೇರೆ ಬರೆದುಕೊಟ್ಟರು, ಸೋಮವಾರದ್ದು ಬೇರೆ. ನಿರಾಹಾರ ಬೇಡ, ಫಲಾಹಾರ ಮಾಡಿ ಅಂದರು. ನೀರು, ಮಜ್ಜಿಗೆ ಬಿಡಬೇಡಿ ಅಂದರು. ಅಮ್ಮ ಮೊದಲು ಒಪ್ಪಲಿಲ್ಲ. ಮಾಷ್ ಹೇಳಿದ ಅಟ್ಟದ ಮಾತು ಮತ್ತೆ ಓದಿ ಹೇಳಿದೆ. ಅಡುಗೆ ಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು "ಕೂವೆ ಹಿಟ್ಟಿನ ಗಂಜಿ ಆಗಬಹುದಾ ಕೇಳು" ಅಂದರು. ಸಕ್ಕರೆ ಹಾಕದೆ, ತೆಂಗಿನಹಾಲು ಹಾಕಿ, ಸಣ್ಣ ಲೋಟ ಅಂತ ಒಪ್ಪಂದ ಆಯಿತು.

ನಿನ್ನೆ ಏಕಾದಶಿ. ಹತ್ತೂವರೆಗೆ ನೋಡಿದೆ, 112. ಮಧ್ಯಾಹ್ನ ಮೂರಕ್ಕೆ 131. ಅಂಗಳಕ್ಕೆ ಮಾತ್ರ ಹೋಗಲು ಬಿಡಲಿಲ್ಲ. ಸಂಜೆ ಭಜನೆಗೆ ನಡೆದುಕೊಂಡೇ ಹೋಗಿ ಬಂದರು.

ಕವರಿನ ಮೇಲೆ ಚಿತ್ರ ನಾನೇ ಹಾಕಿದೆ. ಪಕ್ಕದ ಮನೆಯ ಅಬ್ಬೆ ನೋಡಿ ಅವರ ನಾಲ್ಕು ಕವರ್ ತಂದು ಕೊಟ್ಟಿದ್ದಾರೆ. ಅಣ್ಣಾ, ಒಂದು ಮಾತ್ರೆ "ಮಲಗುವ ಮುಂಚೆ" ಅಂತ ಇದೆ. ಅದಕ್ಕೆ ನೀವು ಏನು ಹಾಕುತ್ತೀರಿ?

ಉಪ್ಪಳದ ಔಷಧಿ ಅಂಗಡಿ · ಶುಕ್ರವಾರ, ರಾತ್ರಿ 8:40
ಚಂದ್ರ, ಅದರ ಕೆಳಗೆ ಒಂದು ಚಾಪೆ.